ಉಪ್ಪಿಲ್ಲದ ಗಂಜಿಯ ಪದ

ದುರ್ಗತ್ತೆ ದೊಡ್ಡ ಹಾಡುಗಾರ್ತಿಯೇನೂ ಅಲ್ಲ. ದನಿ ಸ್ವಲ್ಪ ಒಡಕು. ಒಮ್ಮೆ ಮೇಲಕ್ಕೆ ಹೋದರೆ ಕೆಳಗಿಳಿಯಲು ದಾರಿ ಹುಡುಕುತ್ತಿತ್ತು. ಹೆಬಳೆಯಾಚೆಯ ನಮ್ಮ ಕಡಲಕೇರಿಯಲ್ಲಿ ಅವಳಿಗಿಂತ ಚೆನ್ನಾಗಿ ಹಾಡುವವರು ಬೇಕಾದಷ್ಟು ಜನ ಇದ್ದರು, ನನ್ನ ಅವ್ವ ಕಮಲಿಯೂ ಅವರಲ್ಲೊಬ್ಬಳು. ಆದರೂ ದುರ್ಗತ್ತೆಯ ಕತೆ ಹೇಳಬೇಕೆಂದರೆ ಹಾಡಿನಿಂದಲೇ ಶುರುಮಾಡಬೇಕು, ಏಕೆಂದರೆ ಅವಳ ಎದೆ ಒಡೆದದ್ದು ಒಂದು ಹಾಡಿನಿಂದ. ಗಂಡನಿಂದ ಎನ್ನುವವರೂ ಇದ್ದಾರೆ. ಅವನನ್ನೂ ನಾನು ಬಿಡುವವಳಲ್ಲ.

ಗಂಡನೆಂದರೆ ಸುಬ್ಬಮಾವ, ಅವ್ವನ ತಮ್ಮ. ಮಚವೆಯೆಂಬ ಹಾಯಿಯ ಸರಕುದೋಣಿಯಲ್ಲಿ ಖಲಾಸಿಯಾಗಿದ್ದ. ಹೊನ್ನಾವರದ ಬಂದರಿನಿಂದ ಹೆಂಚು, ತೆಂಗಿನಕಾಯಿ ತುಂಬಿಕೊಂಡು ಮುಂಬಯಿಗೆ ಹೋಗಿಬರುವ ಕೆಲಸ. ಮಳೆಗಾಲ ಒಂದನ್ನು ಬಿಟ್ಟರೆ ಮನೆಯಲ್ಲಿ ಇದ್ದದ್ದೇ ಕಡಿಮೆ. ಉಳಿದ ಖಲಾಸಿಗಳು ಬರುವಾಗ ಹೆಂಡತಿಗೆ ಸೀರೆಯನ್ನೋ ವಾಸನೆ ಸಾಬೂನನ್ನೋ ತಂದರೆ ನಮ್ಮ ಮಾವ ಹಾಡು ತರುತ್ತಿದ್ದ. ಮಾಲವಣದ್ದೊಂದು, ರತ್ನಾಗಿರಿಯದೊಂದು. ಉಂಡು ಜಗಲಿಯಲ್ಲಿ ಕುಳಿತು ಹಾಡಿ, ಅದನ್ನು ಯಾರ ಬಾಯಲ್ಲಿ ಕೇಳಿದ್ದು, ಕೇಳಿದಾಗ ತನಗೆ ಮನೆ ಹೇಗೆ ನೆನಪಾಯಿತು ಎಂದು ಹೇಳುತ್ತಿದ್ದ. ದುರ್ಗತ್ತೆ ಅದಕ್ಕೆ ಬದಲಾಗಿ ಒಂದು ಬೀಸುವ ಪದ ಹಾಡಿ, ಅದು ತನಗೆ ಯಾಕೆ ಇಷ್ಟ ಎಂದು ಹೇಳುತ್ತಿದ್ದಳು. ಗಂಡಹೆಂಡಿರ ಮಾತೆಲ್ಲ ಹೀಗೆ ಹಾಡಿನ ಮೇಲೇ ನಡೆಯುತ್ತಿತ್ತು.

"ಹಾಡು ಉಟ್ಕಳೂಕೆ ಬತ್ತದಾ ಮಗಾ?" ಎಂದು ನನ್ನ ಅಜ್ಜಿ ಗಂಗಿ ಮಗನನ್ನು ಕೆಣಕುತ್ತಿದ್ದಳು. ಒಳಗೊಳಗೆ ಅವಳಿಗೂ ಹೆಮ್ಮೆಯೇ. ನಮ್ಮ ಮನೆ ಅವರ ಮನೆಗೆ ಬೆನ್ನು ಹಚ್ಚಿಕೊಂಡೇ ಇದ್ದದ್ದರಿಂದ ಗೋಡೆಯಾಚೆಯ ಆ ಹಾಡು, ನಗು ಎಲ್ಲ ನಮಗೂ ಕೇಳುತ್ತಿತ್ತು. ಇಂಥ ಗಂಡ ಸಿಕ್ಕಬೇಕು ಎಂದು ನಾನೂ ಅಂದುಕೊಂಡದ್ದುಂಟು.

ಆಮೇಲೆ ಯುದ್ಧ ಬಂತು. ರಂಗೂನಿನ ಅಕ್ಕಿ ನಿಂತಿತು, ಸೀಮೆಎಣ್ಣೆ ಕಾಣದಾಯಿತು. ನಾಲ್ವತ್ತನಾಲ್ಕರ ಯುಗಾದಿ ಕಳೆದು ಕೆಲವು ದಿನಕ್ಕೆ ಮುಂಬಯಿಯ ಗೋದಿಯಲ್ಲಿ, ಹಡಗು ನಿಲ್ಲುವ ಕಟ್ಟೆಯಲ್ಲಿ, ಹಡಗೊಂದು ಸಿಡಿದು, ಬೆಂಕಿ ಹತ್ತಿ, ಲೆಕ್ಕವಿಲ್ಲದಷ್ಟು ಜನ ಸತ್ತರು. ಮಾವನ ಮಚವೆ ಆ ದಿನ ಸ್ವಲ್ಪ ದೂರದಲ್ಲಿ ಲಂಗರು ಹಾಕಿತ್ತು. ಮಚವೆ ಉಳಿದು ಊರಿಗೆ ಬಂತು, ಮಾವ ಬರಲಿಲ್ಲ. ಮಚವೆ ನಡೆಸುವ ತಂಡೇಲ ಕೇರಿಗೆ ಬಂದು, ಮಾವನ ಬಟ್ಟೆಗಂಟನ್ನು ಅಜ್ಜಿಯ ಮುಂದೆ ಇಟ್ಟ.

"ಬೆಳಿಗ್ಗೆ ದಂಡೆಗೆ ಇಳ್ದಿದ್ದ. ಬೆಂಕಿ ಆರಿದ್ಮೇಲೆ ಎಲ್ಲಾ ಬದಿ ಹುಡುಕ್ದೆವು, ಸಿಗಲಿಲ್ಲ. ಸತ್ತ ಅಂತನೂ ನಾ ಹೇಳೂದಿಲ್ಲ, ಇದ್ದ ಅಂತನೂ ಹೇಳೂದಿಲ್ಲ" ಎಂದು ಹೇಳಿ ಹೋದ.

ಅಲ್ಲಿಂದ ದುರ್ಗತ್ತೆ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಹೆಂಗಸಾದಳು. ಕೇರಿಯ ಹಿರಿಯ ಬೊಮ್ಮಯ್ಯ, ನನ್ನ ದೊಡ್ಡಪ್ಪ, ಕ್ರಿಯೆ ಮಾಡಿ ಮುಗಿಸಿ ಎಂದ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಮಗನ ಹೆಣ ತೋರ್ಸಿ. ಆಮೇಲೆ ಬಳೆ ಒಡೀರಿ" ಎಂದಳು. ಹೆಣ ತೋರಿಸುವವರು ಯಾರು? ಹಾಗಾಗಿ ಅತ್ತೆಯ ಕೈಯಲ್ಲಿ ಬಳೆ ಉಳಿಯಿತು, ಹಣೆಯಲ್ಲಿ ಕುಂಕುಮ ಉಳಿಯಿತು. ಆದರೆ ಶುಭಕಾರ್ಯಕ್ಕೆ ಅವಳನ್ನು ಕರೆಯುವುದು ನಿಂತಿತು. ಕೆಲಸಕ್ಕೆ ಹೊರಟವರು ಅವಳು ಎದುರು ಬಂದರೆ ಏನೋ ಮರೆತವರಂತೆ ಮನೆಗೆ ತಿರುಗುತ್ತಿದ್ದರು. ಅವಳು ಮೀನಿನ ಬುಟ್ಟಿ ಹೊತ್ತು ಭಟ್ಕಳದ ಪೇಟೆಗೆ ಹೋಗಿ, ನವಾಯತ ಮುಸಲ್ಮಾನರ ಮನೆಬಾಗಿಲಲ್ಲಿ ಅವರದೇ ಮಾತಿನಲ್ಲಿ ಚೌಕಾಸಿ ಮಾಡಿ, ಮಾರಿ ಬಂದು ಅಜ್ಜಿಗೆ ಗಂಜಿ ಬೇಯಿಸುತ್ತಿದ್ದಳು. ಗೋಡೆಯಾಚೆ ಬೀಸುಕಲ್ಲಿನ ಸದ್ದು ಮಾತ್ರ ಕೇಳುತ್ತಿತ್ತು, ಪದ ಇಲ್ಲ.

ನನಗೆ ಒಂದು ಸಂಗತಿ ಗೊತ್ತಿತ್ತು. ಗಂಡ ಸತ್ತಿದ್ದಾನೆಂದು ಅವಳು ಮನಸ್ಸಿನಲ್ಲಿ ಯಾವಾಗಲೋ ನಂಬಿಬಿಟ್ಟಿದ್ದಳು. ಒಮ್ಮೆ ಬಾವಿಕಟ್ಟೆಯಲ್ಲಿ ಕೇಳಿದ್ದಕ್ಕೆ, "ಬದುಕಿದ್ರೆ ಬರ್ತಿದ್ರು ಮಗಾ. ಅವ್ರು ಬರ್ದೇ ಇರೂ ಜನ ಅಲ್ಲ" ಎಂದಿದ್ದಳು. ಅಷ್ಟು ನಂಬಿಕೆ. ಬಳೆ ಒಡೆದು, ಒಮ್ಮೆ ಮನಸಾರೆ ಅತ್ತು ಮುಗಿಸಬೇಕೆಂಬುದು ಅವಳ ಆಸೆ. ಅಜ್ಜಿಯ ಹಟದಿಂದ ಅದಕ್ಕೂ ಎಡೆಯಿಲ್ಲದೆ ಹೋಯಿತು.

ಯುದ್ಧ ಮುಗಿದ ಮರುವರ್ಷ ವೈಶಾಖದಲ್ಲಿ ನನ್ನ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಕುಮಟೆಯವರು. ನಮ್ಮ ಕೇರಿಯಲ್ಲಿ ಮದುವೆಯ ಅಕ್ಕಿ ಕುಟ್ಟುವ ದಿನಕ್ಕೆ ಒಂದು ಪದ್ಧತಿ ಇದೆ. ಮುತ್ತೈದೆಯರು ಮಾತ್ರ ಒನಕೆ ಹಿಡಿಯಬೇಕು. ಒನಕೆ ಹಿಡಿದವಳು ತನಗೆ ಎಲ್ಲಕ್ಕಿಂತ ಇಷ್ಟವಾದ ಪದ ಒಂದನ್ನು ಹಾಡಬೇಕು, ಹಾಡಿದ ಮೇಲೆ ಅದು ತನಗೆ ಯಾಕೆ ಇಷ್ಟ ಎಂದು ಎಲ್ಲರೆದುರು ಹೇಳಬೇಕು. ಸುಳ್ಳು ಹೇಳಿದರೆ ಮದುಮಗಳ ಬಾಳಿಗೆ ಕೇಡು ಎಂದು ನಂಬಿಕೆ. ಸೋದರಮಾವನ ಹೆಂಡತಿ ಇದ್ದರೆ ಅವಳ ಒನಕೆ ಬೀಳದೆ ಆ ಅಕ್ಕಿ ಮದುವೆಯ ಅಕ್ಕಿ ಆಗುವುದಿಲ್ಲ.

ಈಗ ಪೇಚಾಟಕ್ಕೆ ಬಂತು. ದುರ್ಗತ್ತೆ ಒನಕೆ ಹಿಡಿಯಲೇಬೇಕೆಂದು ಅವ್ವ ಹಟ ಹಿಡಿದಳು. ಹಿಡಿಯದಿದ್ದರೆ ತಮ್ಮ ಸತ್ತನೆಂದು ತಾನೇ ಒಪ್ಪಿಕೊಂಡ ಹಾಗಲ್ಲವೇ. ಬೊಮ್ಮಯ್ಯ ದೊಡ್ಡಪ್ಪ ಎಲೆಅಡಿಕೆಯ ಕವಳ ಉಗುಳಿ ಬಂದು ಜಗಲಿಯಲ್ಲಿ ಕುಳಿತ.

"ಕುಮಟೆಯವರು ಕೇಳಿದ್ರೆ ಎಂತ ಹೇಳೂದು? ಗಂಡ ಇದ್ದನೋ ಇಲ್ಲವೋ ಗೊತ್ತಿಲ್ದವಳು ಕುಟ್ಟಿದ ಅಕ್ಕಿ ಅಂತನಾ? ಒಂದಾ ಬಳೆ ಒಡೀಲಿ, ಒಂದಾ ಒನಕೆ ಹಿಡೀಲಿ. ಎರಡರ ನಡೂಗೆ ಇದ್ಕಂಡು ನನ್ನ ಮನೆ ಮದುವೆಗೆ ಬರೂದು ಬೇಡ."

ಈ ಮಾತನ್ನು ದುರ್ಗತ್ತೆ ಅಲ್ಲೇ ಕಂಬದ ಬದಿಯಲ್ಲಿ ನಿಂತಿರುವಾಗಲೇ ಆಡಿದ, ಅವಳು ಅಲ್ಲಿ ಇಲ್ಲವೇ ಇಲ್ಲವೆಂಬಂತೆ. ದೊಡ್ಡಪ್ಪನ ಮೇಲಿನ ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅತ್ತೆ ಮಾತ್ರ ಶಾಂತವಾಗಿ, "ಆತು. ಹೊನ್ನಾವರಕ್ಕೆ ಹೋಗಿ ತಂಡೇಲನ್ನ ಇನ್ನೊಂದು ಸಲ ಕೇಳ್ಕಂಡು ಬತ್ತೆ. ಅವ ಹೇಳಿದ ಹಾಗೆ ಮಾಡ್ತೆ" ಎಂದಳು. ತಂಡೇಲನ ಬಾಯಿಂದ ಸತ್ತ ಎಂಬ ಮಾತು ಹೊರಡಿಸಿಕೊಂಡೇ ಬರಬೇಕೆಂದು ಅವಳು ಹೊರಟದ್ದು. ಮದುವೆಯ ಬಳೆ ಕೊಳ್ಳುವ ನೆವದಲ್ಲಿ ನಾನೂ ಜೊತೆಗೆ ಹೋದೆ.

ಇದ್ದಿಲ ಗ್ಯಾಸಿನ ಬಸ್ಸು ಕೆಮ್ಮುತ್ತಾ ಕಾಸರಕೋಡಿಗೆ ತಂದು ಬಿಟ್ಟಿತು. ದೋಣಿಯಲ್ಲಿ ಶರಾವತಿ ದಾಟಿ ಬಂದರಿಗೆ ಹೋದರೆ ತಂಡೇಲ ಊರಲ್ಲಿಲ್ಲ. ಮರಳಿನ ಮೇಲೆ ಒಂದು ಮಚವೆಯನ್ನು ಓರೆಯಾಗಿ ನಿಲ್ಲಿಸಿ, ಹಲಗೆಯ ಸಂದಿಗೆ ಹತ್ತಿ ತುರುಕುತ್ತಿದ್ದ ಜಟ್ಟ ಎಂಬ ಖಲಾಸಿ ಆ ಸುದ್ದಿ ಹೇಳಿ ಮತ್ತೆ ತನ್ನ ಕೆಲಸಕ್ಕೆ ತಿರುಗಿದ. ನಾವು ಹೊರಡಬೇಕು, ಅಷ್ಟರಲ್ಲಿ ಅವನು ಹತ್ತಿ ತುರುಕುತ್ತಾ ಹಾಡತೊಡಗಿದ.

ಉಪ್ಪಿಲ್ಲದ ಗಂಜೀಯ ಉಂಡೆದ್ದು ನಗುತಾನೆ
ತಪ್ಪೆಂದು ಒಂದು ನುಡಿಯಾಡ, ನನದೊರೆ
ಒಪ್ಪೀಕೊಂಡಾನೆ ಬಡವೀಯ

ಅತ್ತೆ ನಿಂತುಬಿಟ್ಟಳು.

"ಅಣ್ಣಾ, ಯಾರ ಪದ ಅದು?" ಎಂದು ಕೇಳಿದಳು.

"ಯಾರದ್ದೋ. ಮುಂಬಯಲ್ಲಿ ಕೇಳಿದ್ದು."

"ಮುಂಬಯಲ್ಲಿ ಎಲ್ಲಿ?"

ಜಟ್ಟನಿಗೆ ಮಾತಾಡಲು ಜನ ಸಿಕ್ಕಿದ್ದೇ ಖುಷಿ. ಗೋದಿಯಿಂದ ಸ್ವಲ್ಪ ಆಚೆ ನಮ್ಮ ಕಡೆಯವರಿಗೆ ಅನ್ನ ಹಾಕುವ ಒಂದು ಖಾನಾವಳಿ ಇದೆ, ಅಂಕೋಲೆ ಕಡೆಯ ಹೆಂಗಸೊಬ್ಬಳು ನಡೆಸುತ್ತಾಳೆ, ಹಿಟ್ಟು ಬೀಸುವಾಗ ಇದೇ ಪದ ಹಾಡುತ್ತಾಳೆ ಎಂದ. ಕಳೆದ ದೀಪಾವಳಿಗೆ ತಾನು ಅಲ್ಲೇ ಉಂಡದ್ದಂತೆ.

"ಅವಳ ಮನೆಯವ ನಿಮ್ಮ ಭಟ್ಕಳ ಬದಿಯವನೇ. ಸುಬ್ಬ ಅಂತ. ಮೊದಲು ಖಲಾಸಿ ಆಗಿದ್ನಂತೆ, ಈಗ ಅಲ್ಲೇ ಬಡಿಸ್ಕಂಡು ಇದ್ದ. ಇದ್ಕೆ ಇನ್ನೊಂದು ನುಡಿ ಅದೆ, ಅದು ಇದಕ್ಕಿಂತ ಚಲೋ. ಅವಳೇ ಕಟ್ಟಿದ್ದು ಅಂತ ಹೇಳ್ತಿತ್ತು" ಎಂದು, ಯಾರೂ ಕೇಳದಿದ್ದರೂ, ಅದನ್ನೂ ಹಾಡಿ ತೋರಿಸಿದ.

ಉಪ್ಪಿಟ್ಟೆ ಗಂಜೀಗೆ, ಸೊಪ್ಪಿಟ್ಟೆ ಸಾರೀಗೆ
ತೆಪ್ಪಾಗೆ ಕೂತು ಉಣುತಾನೆ, ಇನ್ನವನು
ಒಪ್ಪನು ಮರಳಿ ಕಡಲೀಗೆ

ಅವನದೇನೂ ತಪ್ಪಿಲ್ಲ. ಆದರೂ ಆ ಹೊತ್ತಿಗೆ ಅವನ ಬಾಯಿಗೆ ಆ ಹತ್ತಿಯನ್ನೇ ತುರುಕಬೇಕೆನಿಸಿತು. ಅತ್ತೆ "ಚಲೋ ಅದೆ" ಎಂದಷ್ಟೇ ಹೇಳಿ ನಡೆದಳು. ಬಳೆಗಾರನ ಅಂಗಡಿಯಲ್ಲಿ ನನಗೆ ಹಸಿರು ಬಳೆ ತೊಡಿಸಿದ ಮೇಲೆ ಅವನು ಅವಳ ಕೈಯನ್ನೂ ಕೇಳಿದ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಮರಳಿ ಬರುವಾಗ ಹೊಳೆಯ ನಡುವೆ ಅವಳ ಬಾಯಿ ತೆರೆಯಿತು. ಮದುವೆಯಾದ ಹೊಸತರಲ್ಲಿ ಒಮ್ಮೆ ಗಂಜಿಗೆ ಉಪ್ಪು ಹಾಕಲು ಮರೆತಿದ್ದಳಂತೆ. ಮಾವ ಒಂದು ಮಾತೂ ಆಡದೆ ಬಟ್ಟಲು ಬರಿದುಮಾಡಿ, ನಕ್ಕು ಎದ್ದ. ಆಮೇಲೆ ತಾನು ಉಣ್ಣುವಾಗ ಅವಳಿಗೆ ಗೊತ್ತಾಯಿತು. ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ಕಡಲಿನ ಮೇಲೆ ಬಾಯೆಲ್ಲ ಉಪ್ಪೇ, ಮನೆಯಲ್ಲಾದರೂ ಸಪ್ಪೆ ಇರಲಿ ಎಂದನಂತೆ. ಆ ದಿನವೇ ಅವಳು ಈ ಪದ ಕಟ್ಟಿದ್ದು. ಉಪ್ಪು ಮರೆತ ಸೊಸೆಯೆಂದರೆ ಕೇರಿ ಜೀವಮಾನವಿಡೀ ಆಡಿಕೊಳ್ಳುತ್ತದೆ, ಹಾಗಾಗಿ ಅಜ್ಜಿಗೂ ಹೇಳಿರಲಿಲ್ಲ. ಮಾವನ ಕಿವಿಯಲ್ಲಿ ಬಿಟ್ಟರೆ ಬೇರೆಲ್ಲೂ ಹಾಡಿರಲಿಲ್ಲ.

"ಸತ್ರು ಅಂತ ಎರಡು ವರ್ಷ ಒಳಗೊಳಗೇ ಅಳ್ತಾ ಇದ್ದೆ" ಎಂದಳು. "ಬೆಂಕಿಲಿ ಹೆಂಗೆ ಸತ್ರೋ, ನೀರಾದ್ರೂ ಯಾರಾದ್ರೂ ಕೊಟ್ರೋ ಇಲ್ವೋ ಅಂತ. ಅವ ಅಲ್ಲಿ ಬಡಿಸ್ಕಂಡು ಇದ್ದ."

ಗಂಡನನ್ನು ಅವಳು 'ಅವ' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಅವನು 'ಅವರು' ಆಗಿದ್ದ. ಸತ್ತನೆಂದು ನಂಬಿದಾಗಲೂ 'ಅವರು' ಆಗಿದ್ದ.

"ಹೆಣ್ಣು ಬೇಕಾರೆ ಕಟ್ಕಳ್ಳಲಿ. ಗಂಡಸ್ರು ಕಟ್ಕಳ್ತ್ರು. ನನ್ನ ಗಂಜಿ ಯಾಕೆ ಅವಳಿಗೆ ಕೊಟ್ಟ ಮಗಾ? ಕೊಡೂಕೆ ಬೇರೆ ಪದ ಇರಲಿಲ್ವಾ ಅವ್ನ ಹತ್ರ?"

ಮನೆಯಲ್ಲಿ ಎಂತ ಹೇಳುತ್ತೀ ಎಂದು ಕೇಳಿದೆ. ಅವಳು ಎರಡನ್ನೂ ತೂಗಿ ನೋಡಿದಳು. ಸತ್ತ ಎಂದುಬಿಟ್ಟರೆ ಕೇರಿಯಲ್ಲಿ ಮರ್ಯಾದೆ ಉಳಿಯುತ್ತದೆ, ಬೆಂಕಿಯಲ್ಲಿ ಗಂಡನನ್ನು ಕಳೆದುಕೊಂಡವಳೆಂದು ನಾಲ್ಕು ಜನ ಅಯ್ಯೋ ಎನ್ನುತ್ತಾರೆ. ಆದರೆ ಅಜ್ಜಿ ಉಳಿಯುವುದಿಲ್ಲ. ಇದ್ದಾನೆ ಎಂದರೆ ಅಜ್ಜಿ ಉಳಿಯುತ್ತಾಳೆ, ಬಿಟ್ಟುಹೋದ ಹೆಂಡತಿಯೆಂಬ ಹೆಸರು ಇವಳಿಗೆ ಬೀಳುತ್ತದೆ. ಇದನ್ನೆಲ್ಲ ಅವಳು ನನ್ನೆದುರು ಬಾಯಿಬಿಟ್ಟೇ ಆಡಿದಳು. ಕೊನೆಗೆ, "ಹೇಳೂದು ನಾನು. ನೀ ಸುಮ್ಮನಿರು" ಎಂದಳು.

ಕುಟ್ಟುವ ದಿನ ಬಿಸಿಲು ಏರುವ ಮೊದಲೇ ಅಂಗಳದಲ್ಲಿ ಒರಳಿಗೆ ಅರಸಿನ ಹಚ್ಚಿ, ಭತ್ತ ತುಂಬಿದರು. ರೇಷನ್ನಿನ ಕಾಲದಲ್ಲಿ ಅಷ್ಟು ಭತ್ತ ಕೂಡಿಸುವುದರಲ್ಲಿ ಅಪ್ಪ ಹಣ್ಣಾಗಿದ್ದ. ಮೊದಲು ಅವ್ವ ಒನಕೆ ಹಿಡಿದಳು. ತೌರಿನಿಂದ ತಂಗಿಯನ್ನು ಕರೆದೊಯ್ಯಲು ಬರುವ ಅಣ್ಣನ ಪದ ಹಾಡಿ, "ನಂಗೆ ಅಣ್ಣ ಇರಲಿಲ್ಲ. ಸುಬ್ಬನೇ, ತಮ್ಮ ಆದ್ರೂ, ಗೋಡೆ ಆಚಿನ ತೌರಿಗೇ ಆದ್ರೂ, ಅಣ್ಣನ ಹಾಗೆ ನನ್ನ ಕರ್ಕಂಡು ಹೋಗೂಕೆ ಬರ್ತಿದ್ದ" ಎಂದು ಮೂಗು ಒರೆಸಿಕೊಂಡಳು. ಆಮೇಲೆ ದೊಡ್ಡಮ್ಮ ಹಾಡಿದಳು, ಅವಳದು ಸೀರೆಯ ಪದ, ಕಾರಣವೂ ಸೀರೆಯೇ. ಅಜ್ಜಿ ಗಂಡ ಸತ್ತವಳು, ಒನಕೆ ಮುಟ್ಟುವಂತಿಲ್ಲ. ಮೂಲೆಯಲ್ಲಿ ಕುಳಿತು ತಲೆದೂಗುತ್ತಿದ್ದಳು. ಅವಳ ಕಣ್ಣೆಲ್ಲ ಸೊಸೆಯ ಮೇಲೆ.

ದುರ್ಗತ್ತೆ ಎದ್ದು ಬಂದು ಒನಕೆಗೆ ಕೈಹಾಕಿದಳು.

"ತಂಡೇಲ ಎಂತ ಹೇಳ್ದ, ಅದು ಹೇಳು ಮೊದಲು" ಎಂದಳು ದೊಡ್ಡಮ್ಮ.

"ಪದ ಆದ್ಮೇಲೆ ಹೇಳೂದಲ್ಲಾ ಪದ್ಧತಿ?" ಎಂದು ಅತ್ತೆ ಒನಕೆ ಎತ್ತಿದಳು.

ಒಡಕು ದನಿಯಲ್ಲಿ ಉಪ್ಪಿಲ್ಲದ ಗಂಜಿಯ ಪದ ಹಾಡಿದಳು. ಬಿಡದೆ ಎರಡನೆಯ ನುಡಿಯನ್ನೂ ಹಾಡಿದಳು. ಒನಕೆ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು.

"ಮೊದಲನೇದು ನಾ ಕಟ್ಟಿದ್ದು, ನನ್ನ ಗಂಡಗೆ. ನಾ ಉಪ್ಪು ಮರ್ತಿದ್ದೆ, ಅವ ಉಂಡಿದ್ದ. ಅವನಿಗೊಬ್ಬನಿಗೇ ಹಾಡಿದ್ದೆ. ಎರಡನೇದು ನಾ ಕಟ್ಟಿದ್ದಲ್ಲ, ಮುಂಬಯಲ್ಲಿ ಅವ್ನ ಸಂಗಡ ಇರೂ ಹೆಂಗಸು ಕಟ್ಟಿದ್ದು. ಕಳೆದ ದೀಪಾವಳಿಗೆ ಅವ ಅಲ್ಲಿ ಇದ್ದ. ಬೆಂಕಿಲಿ ಸಾಯಲಿಲ್ಲ. ಮೊದಲನೇದು ನಂಗೆ ಯಾಕೆ ಇಷ್ಟ ಅಂತ ಹೇಳ್ಬೇಕಲ್ಲ, ಅದು ಒಂದೇ ನನ್ನದು ಅಂತ ಇತ್ತು. ಈಗ ಅದೂ ಇಲ್ಲ."

ಇನ್ನೇನು ಎಲ್ಲರೂ ಅವಳನ್ನು ಹಿಡಿದುಕೊಂಡು ಅಳುತ್ತಾರೆ, ಮಾವನಿಗೆ ಬಯ್ಯುತ್ತಾರೆ ಎಂದು ನಾನು ಕಾದೆ. ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು.

"ಉಣ್ತಿದ್ನಾ?" ಎಂದು ಕೇಳಿದಳು. "ನನ್ನ ಮಗ ಉಣ್ತಿದ್ನಂತಾ? ಉಪ್ಪು ಹಾಕಿ ಬಡಿಸ್ತಿತ್ತಂತಾ ಅವಳು?"

"ಹೌದು" ಎಂದಳು ಅತ್ತೆ.

ಅಜ್ಜಿ ಎರಡೂ ಕೈ ಮೇಲೆತ್ತಿ ದೇವರನ್ನು ಕರೆದಳು. ನಗುತ್ತಾ ಅಳುತ್ತಾ ಒಳಗೆ ಓಡಿ, ಮದುವೆಗೆಂದು ತಂದಿಟ್ಟ ಬೆಲ್ಲದ ಅಚ್ಚನ್ನು ಒಡೆದು, ಸಿಕ್ಕಸಿಕ್ಕವರ ಬಾಯಿಗೆ ಹಾಕಿದಳು. ಅವ್ವ ಕುಂಕುಮದ ಕರಡಿಗೆ ತಂದು ದುರ್ಗತ್ತೆಯ ಹಣೆ ತುಂಬ ಹಚ್ಚಿದಳು. ಎರಡು ವರ್ಷ ಅವಳ ಎದುರು ಬರದ ಹೆಂಗಸರೆಲ್ಲ ಮುತ್ತಿಕೊಂಡು, ನಿನ್ನ ಕುಂಕುಮ ಗಟ್ಟಿ, ನೀನು ಪುಣ್ಯವಂತೆ ಎಂದರು. ದೊಡ್ಡಮ್ಮ ತನ್ನ ಮುಡಿಯ ಅಬ್ಬಲಿ ಹೂ ತೆಗೆದು ಅವಳಿಗೆ ಮುಡಿಸಿದಳು. ಜಗಲಿಯಿಂದ ದೊಡ್ಡಪ್ಪ, "ಗಂಡಸು ಅಂದ್ಮೇಲೆ ಇವತ್ತಲ್ಲ ನಾಳೆ ಬತ್ತ. ಒಟ್ಟು ಬದುಕಿದ್ನಲ, ಮುಂದಿನ ಕೆಲಸ ನೋಡಿ" ಎಂದ. ಅವನ ಪಾಲಿಗೆ ಕುಮಟೆಯವರಿಗೆ ಹೇಳಲು ಒಂದು ಉತ್ತರ ಸಿಕ್ಕಿತ್ತು.

ಅವಳು ಹೇಳಿದ ಕೊನೆಯ ಮಾತನ್ನು ಅವರಲ್ಲಿ ಒಬ್ಬರಾದರೂ ಕೇಳಿಸಿಕೊಂಡಿದ್ದರೇ ಎಂದು ನನಗೆ ಈಗಲೂ ಅನುಮಾನ. ಅಜ್ಜಿಯ ಮೇಲೆ ಸಿಟ್ಟುಮಾಡಲು ಮಾತ್ರ ನನ್ನಿಂದಾಗದು. ಹೆತ್ತವಳು, ಮಗ ಎಲ್ಲಿಯಾದರೂ ಉಣ್ಣುತ್ತಿದ್ದರೆ ಸಾಕು ಅವಳಿಗೆ. ಉಳಿದವರ ಮೇಲೆ ಇದೆ. ದುರ್ಗತ್ತೆ ಬಾಯಲ್ಲಿ ಬೆಲ್ಲ ಇಟ್ಟುಕೊಂಡು, ಕಣ್ಣೀರು ಸುರಿಸುತ್ತಾ ಆ ಒರಳಿನ ಭತ್ತವನ್ನು ಕುಟ್ಟಿ ಮುಗಿಸಿದಳು. ಖುಷಿಗೆ ಅಳುತ್ತಿದ್ದಾಳೆ ಪಾಪ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುವುದು ನನ್ನ ಕಿವಿಗೆ ಬಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಆ ಪದ ಕೇರಿಯ ಹುಡುಗಿಯರಿಗೆ ಹಿಡಿಸಿಬಿಟ್ಟಿತು. ಸಂಜೆಗೆಲ್ಲ ನೀರು ಸೇದುವವರ ಬಾಯಲ್ಲಿ ಅದೇ. ಮೊದಲನೆಯ ನುಡಿಗಿಂತ ಎರಡನೆಯದೇ ಹೆಚ್ಚು, ಅದರ ಓಟ ಚಲೋ ಇದೆಯಂತೆ. ನನ್ನ ಮದುವೆಯ ಚಪ್ಪರದಲ್ಲಿ ಅದನ್ನೇ ಹಾಡಿದರು, ಕುಮಟೆಯವರು ಕೇಳಿ ಮೆಚ್ಚಿ ಕಲಿತುಕೊಂಡರು. ಅತ್ತೆಗೆ ಮುಂದಿನ ಚಾಪೆಯಲ್ಲಿ ಜಾಗ ಕೊಟ್ಟಿದ್ದರು. ಎಲ್ಲರೂ ಕೇಳಿಕೊಂಡದ್ದಕ್ಕೆ ಅವಳೂ ಅವರ ಜೊತೆ ದನಿಗೂಡಿಸಿದಳು.

ಮಾವ ಬರಲಿಲ್ಲ. ದೊಡ್ಡಪ್ಪನ 'ಇವತ್ತಲ್ಲ ನಾಳೆ' ಇನ್ನೂ ಬಂದಿಲ್ಲ. ಅಜ್ಜಿ ಸಾಯುವವರೆಗೆ ದುರ್ಗತ್ತೆಯೇ ಅವಳನ್ನು ಸಾಕಿದಳು. ಕೇರಿಯಲ್ಲಿ ಮದುವೆಯಾದಾಗೆಲ್ಲ ಮೊದಲ ಒನಕೆ ಅವಳದೇ. ಕರೆದಾಗ ಇಲ್ಲ ಎನ್ನುವುದಿಲ್ಲ, ಬೇರೆಯವರ ಪದ ಹಾಡಿ, ಇದು ಅಮ್ಮ ಹಾಡುತ್ತಿದ್ದಳು ಎಂದಷ್ಟೇ ಹೇಳಿ ಬರುತ್ತಾಳೆ.

ನಾನು ಕುಮಟೆಗೆ ಹೊರಟ ದಿನ ಅವಳು ನನ್ನ ಸೆರಗಿಗೆ ಅಕ್ಕಿ, ವೀಳ್ಯ ಕಟ್ಟುತ್ತಾ ಬಗ್ಗಿ ಹೇಳಿದಳು. "ಚಲೋ ಮಾಡಿ ಬಡಿಸು ಮಗಾ. ಕಾಲು ನೋವು ಅಂದ್ರೆ ಎಣ್ಣೆ ತಿಕ್ಕು. ಮಕ್ಕಳನ್ನ ಹೆತ್ತು ಕೊಡು. ಪದ ಮಾತ್ರ ಕೊಡಬೇಡ."

ನನ್ನ ಗಂಡ ಒಳ್ಳೆಯವರು. ಒಂದು ದಿನವೂ ನನ್ನನ್ನು ಬಿಟ್ಟು ಎಲ್ಲಿಗೂ ಹೋದವರಲ್ಲ. ಈಗ ನಮಗೆ ಮೊಮ್ಮಕ್ಕಳಿದ್ದಾರೆ. ನನಗೆ ಹಾಡಲು ಬರುತ್ತದೆ ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ.